ಗರ್ಭಿಣಿಯೂ ಏಡಿಗಂತಿಯೂ

1943ನೆಯ ಇಸವಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ವೈದ್ಯರಿಬ್ಬರು, ಹಾಗೆನ್‌ಸನ್ ಮತ್ತು ಸ್ಟೌಟ್ ಎಂಬವರು, ಒಂದು ನಿಯಮಾವಳಿಯನ್ನು ಪ್ರಕಟಿಸಿದರು. ಸ್ತನದ ಕ್ಯಾನ್ಸರಿಗೆ ಒಳಗಾದ ರೋಗಿಗಳಲ್ಲಿ ಯಾರಿಗೆ ಶಸ್ತ್ರಚಿಕಿತ್ಸೆ ಮಾಡಬಹುದು, ಯಾರಿಗೆ ಮಾಡಿ ಫಲವಿಲ್ಲ ಎಂಬುದನ್ನು ತೀರ್ಮಾನಿಸುವುದಕ್ಕಾಗಿ ರಚಿತವಾದ ನಿಯಮಗಳು ಅವು. ರೋಗವು ದೂರದ ಅಂಗಗಳಿಗೆ ಹಬ್ಬಿರುವವರು ಚಿಕಿತ್ಸೆಗೆ ಮೀರಿದವರೆಂದು ಅದರಲ್ಲಿ ಹೇಳಿದ್ದುದು ಸಹಜವೇ ಆಗಿದೆ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ವರ್ಗವೂ ಇತ್ತು. ಬಸುರಿಯಾಗಿದ್ದಾಗಲೋ, ಮಗುವಿಗೆ ಹಾಲೂಡಿಸುತ್ತಿದ್ದಾಗಲೋ ರೋಗ ಕಾಣಿಸಿಕೊಂಡ ಹೆಂಗಸರ ವರ್ಗ ಅದು. ಗಂಟು ಚಿಕ್ಕದಿರಲಿ, ದೊಡ್ಡದಿರಲಿ, ಗರ್ಭಿಣಿಯೆಂಬುದೊಂದೇ ಅವಳನ್ನು ಕೈಬಿಡಲು ಸಾಕಾದ ಕಾರಣವೆನಿಸಿತ್ತು.

ಈ ನಿರಾಶೆ ಅಂದು ಹೊಸದಾಗಿ ಹುಟ್ಟಿದ್ದಲ್ಲ. 1880ರಷ್ಟು ಹಿಂದೆಯೇ ಅಮೆರಿಕದ ಶಸ್ತ್ರವೈದ್ಯ ಸ್ಯಾಮ್ಯುಅಲ್ ಗ್ರಾಸ್, ಬಸುರಿಯ ಸ್ತನದಲ್ಲಿ ಈ ಗಂತಿಯು ವಿಪರೀತ ವೇಗದಿಂದ ಬೆಳೆಯುವುದೆಂದು ಬರೆದಿದ್ದನು. ಗರ್ಭವನ್ನು ಬೆಳೆಸುವ ರಸಗಳೇ ಗಂತಿಯನ್ನೂ ಬೆಳೆಸುತ್ತವೆಂಬ ಊಹೆ ಕೇಳುವುದಕ್ಕೆ ಬಹು ಸಮಂಜಸವಾಗಿಯೇ ಇದೆ. ಎರಡೂ ಬೆಳೆಯುವ ವಸ್ತುಗಳು. ಒಂದೇ ರಕ್ತದಿಂದ ಪೋಷಣೆ ಪಡೆಯುವಂಥವು. ಮುಂದಿನ ದಶಕಗಳಲ್ಲಿ ಕೊಲಂಬಿಯಾದ ಆ ನಿಯಮ ಬಿದ್ದುಹೋಯಿತು. ನಂಬಿಕೆ ಮಾತ್ರ ಅಷ್ಟು ಬೇಗ ಬೀಳಲಿಲ್ಲ. ಗರ್ಭಿಣಿಗೆ ಕ್ಯಾನ್ಸರೆಂದು ತಿಳಿದೊಡನೆ 'ತಾಯಿ ಬೇಕೋ, ಮಗು ಬೇಕೋ' ಎಂಬ ಪ್ರಶ್ನೆ ಇಂದಿಗೂ ಮನೆಮಂದಿಯ ಬಾಯಲ್ಲಿ ಬರುತ್ತದೆ.

ನಾವು ಭೌತವಿಜ್ಞಾನದ ಪಾಠ ಹೇಳುವವರು, ವೈದ್ಯರಲ್ಲ. ಆದರೂ ಈ ವಿಷಯದಲ್ಲಿ ಲೇಖನಿ ಹಿಡಿಯುವುದಕ್ಕೆ ನಮಗೆ ಎರಡು ಕಾರಣಗಳುಂಟು. ಗರ್ಭಿಣಿಯ ಚಿಕಿತ್ಸೆಯನ್ನು ಮುಂದೂಡುವ ಭಯಗಳಲ್ಲಿ ದೊಡ್ಡದೊಂದು ವಿಕಿರಣದ ಭಯ. ಅದು ನಮ್ಮ ಶಾಸ್ತ್ರಕ್ಕೆ ಸೇರಿದ್ದು. ಇನ್ನು, ಬಸಿರಿನಿಂದ ತಾಯಿಯ ಆಯುಸ್ಸು ಕುಂದುತ್ತದೆಯೇ ಎಂಬ ಪ್ರಶ್ನೆಯೇ ಮೂಲತಃ ಅಳತೆಯ ಪ್ರಶ್ನೆ. ತಪ್ಪಾಗಿ ಅಳೆದರೆ ತಪ್ಪು ಉತ್ತರವೇ ದೊರೆಯುವುದೆಂಬುದನ್ನು ಪ್ರಯೋಗಶಾಲೆಯಲ್ಲಿ ನಾವು ದಿನವೂ ಕಾಣುತ್ತೇವೆ.

ಎರಡು ಊರುಗಳ ಬಾವಿಗಳಲ್ಲಿ ನೀರಿನ ಮಟ್ಟವನ್ನು ಹೋಲಿಸಬೇಕಾಗಿದೆಯೆಂದು ಭಾವಿಸೋಣ. ಒಂದೂರಿನ ಬಾವಿಯನ್ನು ಶ್ರಾವಣದಲ್ಲಿಯೂ ಇನ್ನೊಂದೂರಿನದನ್ನು ಚೈತ್ರದಲ್ಲಿಯೂ ಅಳೆದು, ಎರಡನೆಯ ಊರಿನ ನೆಲದಲ್ಲಿ ದೋಷವಿದೆಯೆಂದು ಸಾರಿದರೆ ಯಾರು ಒಪ್ಪಿಯಾರು? ಗರ್ಭಿಣಿಯರ ವಿಷಯದಲ್ಲಿ ಬಹುಕಾಲ ನಡೆದದ್ದು ಇಂಥದೇ ಹೋಲಿಕೆ. ಸ್ತನದ ಕ್ಯಾನ್ಸರಾದ ಎಲ್ಲ ಗರ್ಭಿಣಿಯರನ್ನೂ ಉಳಿದ ಎಲ್ಲ ಹೆಂಗಸರೊಡನೆ ಹೋಲಿಸಿದರು. ಗರ್ಭಿಣಿಯರು ಹೆಚ್ಚು ಮಂದಿ ಸತ್ತರು. ಆದರೆ ಗರ್ಭಿಣಿಯರೆಲ್ಲ ಪ್ರಾಯದವರು. ಪ್ರಾಯದವರಲ್ಲಿ ಬರುವ ಸ್ತನದ ಕ್ಯಾನ್ಸರು, ಬಸಿರಿರಲಿ ಬಿಡಲಿ, ಸಾಮಾನ್ಯವಾಗಿ ಹೆಚ್ಚು ಉಗ್ರವಾದುದು. ಅದಕ್ಕಿಂತ ಮುಖ್ಯವಾಗಿ, ಗರ್ಭಿಣಿಯರು ವೈದ್ಯರ ಕೈಗೆ ಸಿಗುವ ವೇಳೆಗೆ ರೋಗ ಬಲಿತಿರುತ್ತಿತ್ತು. ಸರಿಯಾದ ಹೋಲಿಕೆಯೆಂದರೆ, ಒಂದೇ ವಯಸ್ಸಿನ, ರೋಗದ ಒಂದೇ ಹಂತದ ಇಬ್ಬರನ್ನು, ಒಬ್ಬಳು ಬಸುರಿ, ಒಬ್ಬಳು ಅಲ್ಲ, ಪಕ್ಕ ಪಕ್ಕದಲ್ಲಿಟ್ಟು ನೋಡುವುದು.

ಈ ಕೆಲಸ ಸುಲಭವಲ್ಲ. ಸುಮಾರು ಸಾವಿರ ಬಸಿರುಗಳಿಗೆ ಒಂದರಂತೆ ಮಾತ್ರ ಕ್ಯಾನ್ಸರು ಕೂಡಿಬರುವುದರಿಂದ ಒಂದೇ ಆಸ್ಪತ್ರೆಯಲ್ಲಿ ಲೆಕ್ಕಕ್ಕೆ ಸಾಲುವಷ್ಟು ರೋಗಿಗಳು ದೊರೆಯುವುದಿಲ್ಲ. ನಾರ್ವೆ ದೇಶದವರು ಇದಕ್ಕೊಂದು ದಾರಿ ಕಂಡರು. ಅಲ್ಲಿ ಕ್ಯಾನ್ಸರ್ ರೋಗಿಗಳನ್ನೂ ಹೆರಿಗೆಗಳನ್ನೂ ದೇಶಕ್ಕೆ ದೇಶವೇ ದಾಖಲೆ ಮಾಡಿಡುವ ಪದ್ಧತಿಯುಂಟು. 1967ರಿಂದ 2002ರವರೆಗೆ ಕ್ಯಾನ್ಸರ್ ಪತ್ತೆಯಾದ, 16ರಿಂದ 49 ವರ್ಷ ವಯಸ್ಸಿನ 42,511 ಹೆಂಗಸರ ದಾಖಲೆಗಳನ್ನು ತಾಳೆ ನೋಡಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇವರಲ್ಲಿ 516 ಮಂದಿಗೆ ಬಸಿರಿನಲ್ಲಿಯೂ 531 ಮಂದಿಗೆ ಹಾಲೂಡಿಸುವ ಕಾಲದಲ್ಲಿಯೂ ರೋಗ ಕಂಡಿತ್ತು. ಎಲ್ಲ ಬಗೆಯ ಕ್ಯಾನ್ಸರುಗಳನ್ನೂ ಒಟ್ಟಿಗೆ ತೆಗೆದುಕೊಂಡಾಗ ಬಸಿರಿನಿಂದ ಸಾವಿನ ಸಂಭವ ಹೆಚ್ಚಲಿಲ್ಲ. ಹಾಗೆಂದು ಚಿತ್ರ ಪೂರ್ತಿ ನಿರ್ಮಲವಾಗಿರಲಿಲ್ಲ. ಚರ್ಮದ ಮೆಲನೋಮ ಎಂಬ ಕ್ಯಾನ್ಸರು ಬಸಿರಿನಲ್ಲಿ ಕಂಡವರಿಗೆ ಅಪಾಯ ಒಂದೂವರೆ ಪಟ್ಟಿನಷ್ಟು ಇದ್ದಿತು. ಹಾಲೂಡಿಸುವ ಕಾಲದಲ್ಲಿ ಕಂಡ ಸ್ತನ ಮತ್ತು ಅಂಡಾಶಯದ ಕ್ಯಾನ್ಸರುಗಳಲ್ಲಿ ಅದು ಸುಮಾರು ಇಮ್ಮಡಿಯಾಗಿತ್ತು. ಈ ಕೊನೆಯ ಮಾತಿಗೆ ನಾವು ಮತ್ತೆ ಬರಬೇಕಾಗಿದೆ.

2013ರಲ್ಲಿ ಬೆಲ್ಜಿಯಮಿನ ವೈದ್ಯ ಫ್ರೆಡರಿಕ್ ಅಮಾಂಟರೂ ಅವರ ಸಹೋದ್ಯೋಗಿಗಳೂ ಅನೇಕ ದೇಶಗಳಿಂದ 311 ಮಂದಿ ಗರ್ಭಿಣಿ ರೋಗಿಗಳ ವಿವರಗಳನ್ನು ಕಲೆಹಾಕಿ, ಗರ್ಭಿಣಿಯರಲ್ಲದ 865 ರೋಗಿಗಳೊಡನೆ ಹೋಲಿಸಿದರು. ರೋಗ ಸ್ತನದ ಕ್ಯಾನ್ಸರು. ವಯಸ್ಸು, ಹಂತ, ಗಂತಿಯ ಜಾತಿ, ಕೊಟ್ಟ ಚಿಕಿತ್ಸೆ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದು ಸರಿತೂಗಿಸಿದ ಮೇಲೆ, ಐದು ವರ್ಷ ಬದುಕುಳಿಯುವವರ ಅಂದಾಜು ಗರ್ಭಿಣಿಯರಲ್ಲಿ ನೂರಕ್ಕೆ 78, ಉಳಿದವರಲ್ಲಿ 81 ಎಂದು ಬಂದಿತು. ಈ ಮೂರರ ಅಂತರ ಆಕಸ್ಮಿಕದ ಮಿತಿಯೊಳಗಿನದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. 1943ರಲ್ಲಿ ಕೈಬಿಟ್ಟಿದ್ದವರ ವರ್ಗದಲ್ಲಿ ಈಗ ಐವರಲ್ಲಿ ಸುಮಾರು ನಾಲ್ವರು ಐದು ವರ್ಷ ದಾಟುತ್ತಿದ್ದಾರೆಂಬುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ಗರ್ಭಿಣಿಯರ ರೋಗ ಬಲಿತ ಮೇಲೆ ಪತ್ತೆಯಾಗುವುದೇಕೆ? ಬಸಿರಿನಲ್ಲಿ ಸ್ತನದ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಲಿನ ಗ್ರಂಥಿಗಳು ಊದಿಕೊಂಡು, ಕೈಗೆ ಎಲ್ಲೆಲ್ಲೂ ಗಂಟುಗಂಟಾಗಿ ಸಿಕ್ಕುತ್ತವೆ. ಅವುಗಳ ನಡುವೆ ಬೇರೊಂದು ಗಂಟು ಅಡಗಿದ್ದರೆ, 'ಹಾಲು ಕಟ್ಟಿದೆ, ಹೆರಿಗೆಯಾದ ಮೇಲೆ ಸರಿಹೋಗುತ್ತದೆ' ಎನ್ನುವವರೇ ಎಲ್ಲರೂ. ಅಜ್ಜಿಯೂ ಹಾಗೆನ್ನುತ್ತಾಳೆ, ನೆರೆಮನೆಯವಳೂ ಹಾಗೆನ್ನುತ್ತಾಳೆ. ಕೆಲವು ವೇಳೆ ವೈದ್ಯರೂ ಹಾಗೆಯೇ ಅನ್ನುವುದುಂಟು. ಹೆಚ್ಚಿನ ಪಾಲು ಅವರ ಮಾತು ನಿಜವೂ ಹೌದು. ಬಸಿರಿನಲ್ಲಿ ಕಂಡ ಗಂಟುಗಳಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಹತ್ತರಲ್ಲಿ ಸುಮಾರು ಎಂಟು ನಿರಪಾಯಕರವೇ. ಮೋಸ ಇರುವುದೂ ಇಲ್ಲಿಯೇ. ಎಂಟು ಸಲ ನಿಜವಾದ ಮಾತನ್ನು ಒಂಬತ್ತನೆಯ ಸಲ ಸಂಶಯಿಸುವುದು ಯಾರಿಗೂ ಸುಲಭವಲ್ಲ. ಎರಡು ವಾರ ಕಳೆದರೂ ಕರಗದ ಗಂಟನ್ನು ಪರೀಕ್ಷೆಗೆ ಒಳಪಡಿಸಲೇಬೇಕೆಂದು ತಜ್ಞರು ನಿಗದಿ ಮಾಡಿರುವುದು ಈ ಕಾರಣದಿಂದಲೇ. ನಮ್ಮಲ್ಲಿ ಗರ್ಭಿಣಿಯ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಇವನ್ನೆಲ್ಲ ಮತ್ತೆ ಮತ್ತೆ ನೋಡುತ್ತಾರೆ. ಆ ಭೇಟಿಗಳಲ್ಲಿ ಒಮ್ಮೆ ಸ್ತನವನ್ನು ಕೈಯಿಂದ ಪರೀಕ್ಷಿಸುವುದಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯದು.

ಈಗ ಸ್ವಲ್ಪ ಗಣಿತ. ಕ್ಯಾನ್ಸರಿನ ಜೀವಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಚದುರಂಗದ ಮನೆಗಳಲ್ಲಿ ಕಾಳು ಇಟ್ಟ ಕಥೆ ವಾಚಕರಿಗೆ ಗೊತ್ತೇ ಇದೆ. ಒಂದು ಸೆಂಟಿಮೀಟರ್ ಅಗಲದ ಗಂಟಿನಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿರುತ್ತವೆಂದು ಎಣಿಸುವುದು ವಾಡಿಕೆ. ಒಂದರಿಂದ ಹೊರಟು ನೂರು ಕೋಟಿ ಮುಟ್ಟಲು ಮೂವತ್ತು ಸಲ ಇಮ್ಮಡಿಸಬೇಕು. ಒಂದು ಸಲ ಇಮ್ಮಡಿಸಲು 130 ದಿನ ಹಿಡಿಯುವುದೆಂದು ಇಟ್ಟುಕೊಂಡರೆ ಒಟ್ಟು 3,900 ದಿನ, ಅಂದರೆ ಹತ್ತು ವರ್ಷಕ್ಕೂ ಮಿಕ್ಕ ಕಾಲ ಬೇಕಾಯಿತು. ವೇಗ ಇದರ ಎರಡರಷ್ಟಿದ್ದರೂ ಐದು ವರ್ಷವಾದರೂ ಬೇಕು. ವಾಸ್ತವದಲ್ಲಿ ಬೆಳವಣಿಗೆ ಇಷ್ಟು ಏಕರೀತಿಯಾಗಿ ನಡೆಯುವುದಿಲ್ಲ, ನಿಜ. ಆದರೂ ಈ ಒರಟು ಲೆಕ್ಕದಿಂದ ಒಂದು ಸಂಗತಿ ಖಚಿತವಾಗುತ್ತದೆ. ಬಸಿರಿನಲ್ಲಿ ಕೈಗೆ ಸಿಕ್ಕ ಗಂಟು ಬಸಿರಿನಲ್ಲಿ ಹುಟ್ಟಿದ್ದಲ್ಲ. ಗರ್ಭ ನಿಲ್ಲುವುದಕ್ಕೆ ಎಷ್ಟೋ ಮುಂಚೆ ಅದರ ಬೀಜ ಬಿದ್ದಿತ್ತು. ಮಗುವಿನ ಕಾಲ್ಗುಣವೆಂದು ಯಾರಾದರೂ ಆಡಿಕೊಂಡರೆ ಅವರಿಗೆ ಈ ಲೆಕ್ಕವನ್ನು ತೋರಿಸಬಹುದು.

ಇದೇ ಲೆಕ್ಕವನ್ನು ಮುಂದಕ್ಕೆ ಎಳೆದರೆ ಕಾಯುವುದರ ಬೆಲೆ ತಿಳಿಯುತ್ತದೆ. 65 ದಿನಕ್ಕೊಮ್ಮೆ ಇಮ್ಮಡಿಸುವ ಗಂತಿಯೊಂದು ಬಸಿರಿನ ಆರಂಭದಲ್ಲಿ ಒಂದು ಸೆಂಟಿಮೀಟರ್ ಇದ್ದರೆ, ಒಂಬತ್ತು ತಿಂಗಳು ತುಂಬುವಾಗ ಅದರ ಗಾತ್ರ ಹದಿನೇಳು-ಹದಿನೆಂಟು ಪಟ್ಟು ಹೆಚ್ಚಿ, ಅಗಲ ಎರಡೂವರೆ ಸೆಂಟಿಮೀಟರ್ ದಾಟಿರುತ್ತದೆ. ಎರಡು ಸೆಂಟಿಮೀಟರಿನ ಗೆರೆ ದಾಟಿದ ಗಂತಿಯನ್ನು ವೈದ್ಯರು ಮುಂದಿನ ದರ್ಜೆಗೆ ಸೇರಿಸುತ್ತಾರೆ. ಇನ್ನೂ ಮುಖ್ಯವಾದದ್ದು, ರೋಗ ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ ಹಬ್ಬುವ ಸಂಭವ. 1996ರಲ್ಲಿ ಪ್ರಕಟವಾದ ನೆಟಲ್ಟನ್ ಮುಂತಾದವರ ಗಣಿತದ ಪ್ರಕಾರ, ಇಮ್ಮಡಿಯ ಅವಧಿ 130 ದಿನವಿದ್ದಲ್ಲಿ ಒಂದು ತಿಂಗಳು ಕಾದರೆ ಈ ಸಂಭವ ನೂರಕ್ಕೆ 0.9ರಷ್ಟು, ಆರು ತಿಂಗಳು ಕಾದರೆ 5.1ರಷ್ಟು ಹೆಚ್ಚುತ್ತದೆ, ಅವಧಿ 65 ದಿನವಿದ್ದಲ್ಲಿ ಇವು 1.8 ಮತ್ತು 10.2 ಆಗುತ್ತವೆ. ಈ ಅಂಕಿಗಳಿಗೆ ಎರಡು ಮುಖಗಳಿವೆ. ಗರ್ಭದ ಕೊನೆಯ ಕೆಲವು ವಾರಗಳು ಮಾತ್ರ ಉಳಿದಿರುವಾಗ ಹೆರಿಗೆಯ ತನಕ ತಡೆದರೆ ಆಗುವ ನಷ್ಟ ಅಲ್ಪ. ಮೂರನೆಯ ತಿಂಗಳಲ್ಲಿ ಕಂಡ ಗಂಟನ್ನು ಹೆರಿಗೆಯ ತನಕ ಬಿಡುವುದು ಬೇರೆಯೇ ಮಾತು.

ಇನ್ನು ನಮ್ಮ ಶಾಸ್ತ್ರದ ಭಾಗ. ಎಕ್ಸ್-ಕಿರಣವೆಂದೊಡನೆ ಗರ್ಭಿಣಿಯನ್ನು ಕೋಣೆಯಿಂದ ಹೊರಗೆ ಕಳುಹಿಸುವ ಭಯ ಅಕಾರಣವಾದುದಲ್ಲ. 1956ರಲ್ಲಿ ಆಕ್ಸ್‌ಫರ್ಡಿನ ಆಲಿಸ್ ಸ್ಟೂಅರ್ಟ್ ಎಂಬ ವೈದ್ಯೆ, ಬಸಿರಿನಲ್ಲಿ ತಾಯಿಯ ಹೊಟ್ಟೆಗೆ ಎಕ್ಸ್-ಕಿರಣ ಹಾಯಿಸಿದ್ದಲ್ಲಿ ಮಕ್ಕಳಿಗೆ ಮುಂದೆ ಕ್ಯಾನ್ಸರು ಬರುವ ಸಂಭವ ಹೆಚ್ಚೆಂದು ತೋರಿಸಿದಾಗ ವೈದ್ಯಲೋಕ ಮೊದಲು ನಂಬಲಿಲ್ಲ. ಹಿರೋಷಿಮ ಮತ್ತು ನಾಗಸಾಕಿಗಳಲ್ಲಿ ಬಾಂಬು ಸಿಡಿದಾಗ ಗರ್ಭದಲ್ಲಿದ್ದ ಮಕ್ಕಳನ್ನು ಪರೀಕ್ಷಿಸಿದಾಗ, ಎಂಟರಿಂದ ಹದಿನೈದನೆಯ ವಾರದ ನಡುವೆ ವಿಕಿರಣಕ್ಕೆ ಸಿಕ್ಕಿದವರ ಬುದ್ಧಿಶಕ್ತಿಯೇ ಹೆಚ್ಚಾಗಿ ಕುಂದಿದ್ದುದು ಕಂಡುಬಂದಿತು. ಆದರೆ ಭಯಕ್ಕೂ ಪ್ರಮಾಣ ಬೇಡವೇ? ವಿಕಿರಣವನ್ನು ಅಳೆಯುವ ಮಾನ ಗ್ರೇ. ಅದರ ಸಾವಿರದ ಒಂದು ಪಾಲು ಮಿಲಿಗ್ರೇ. ನೆಲದಿಂದ, ಆಕಾಶದಿಂದ, ನಮ್ಮ ಮೈಯೊಳಗಿನ ಪೊಟ್ಯಾಸಿಯಮ್ಮಿನಿಂದಲೇ, ಒಂಬತ್ತು ತಿಂಗಳಲ್ಲಿ ಪ್ರತಿಯೊಂದು ಗರ್ಭವೂ ಸುಮಾರು ಒಂದು ಮಿಲಿಗ್ರೇ ಪಡೆಯುತ್ತದೆ. ತಾಯಿಯ ಎದೆಯ ಎಕ್ಸ್-ಕಿರಣ ಚಿತ್ರವೊಂದರಿಂದ ಗರ್ಭಕ್ಕೆ ತಲಪುವುದು ಇದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಸ್ತನದ ಚಿತ್ರವಾದ ಮ್ಯಾಮೊಗ್ರಾಮಿನಿಂದಲೂ ನಗಣ್ಯ. ಕೆಳಹೊಟ್ಟೆಯ ಸಿ.ಟಿ. ಪರೀಕ್ಷೆಯಿಂದ ಸರಾಸರಿ 25 ಮಿಲಿಗ್ರೇ ತಲಪುವುದಾದ್ದರಿಂದ ಅಲ್ಲಿ ಕೈ ಬಿಗಿಹಿಡಿಯಬೇಕಾದುದು ನ್ಯಾಯ. ನೂರು ಮಿಲಿಗ್ರೇಗಿಂತ ಕಡಿಮೆಯಾದ ವಿಕಿರಣವು ಗರ್ಭವನ್ನು ತೆಗೆಸಲು ಕಾರಣವಾಗಬಾರದೆಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2000ದಲ್ಲಿ ಹೇಳಿದೆ. ಗಂಟನ್ನು ನೋಡುವುದಕ್ಕೆ ಹೇಗೂ ಶ್ರವಣಾತೀತ ಶಬ್ದದ ಅಲೆಗಳಿವೆ. ಅವುಗಳಲ್ಲಿ ಈ ತೊಡಕೇ ಇಲ್ಲ.

ರೋಗವನ್ನು ಪತ್ತೆಮಾಡುವ ವಿಕಿರಣ ಬೇರೆ, ರೋಗವನ್ನು ಸುಡುವ ವಿಕಿರಣ ಬೇರೆ. ಸ್ತನಕ್ಕೆ ಚಿಕಿತ್ಸೆಯಾಗಿ ಕೊಡುವುದು 50 ಗ್ರೇಯಷ್ಟು, ಅಂದರೆ 50,000 ಮಿಲಿಗ್ರೇ. ಅದರ ಸಾವಿರದಲ್ಲಿ ಒಂದು ಪಾಲು ಗರ್ಭವನ್ನು ಮುಟ್ಟಿದರೂ 50 ಮಿಲಿಗ್ರೇ ಆಯಿತು. ಅದು ಮುಟ್ಟುವ ದಾರಿಗಳು ಮೂರು: ಯಂತ್ರದ ತಲೆಯಿಂದ ಸೋರುವುದು, ಕಿರಣಗಳನ್ನು ಕಿರಿದುಗೊಳಿಸುವ ಭಾಗಗಳಿಂದ ಚೆದರುವುದು, ತಾಯಿಯ ದೇಹದೊಳಗೇ ಚೆದರಿ ಬರುವುದು. ಮೊದಲಿನ ಎರಡನ್ನು ಸೀಸದ ದಪ್ಪ ಗೋಡೆಯನ್ನು ಹೊಟ್ಟೆಯ ಮೇಲೆ ನಿಲ್ಲಿಸಿ ತಡೆಯಬಹುದು. ಹಾಗೆ ಮಾಡಿ ಒಟ್ಟು ಪ್ರಮಾಣವನ್ನು ಅರ್ಧಕ್ಕೆ ಇಳಿಸಬಹುದೆಂದು ಅನುಭವ ತೋರಿಸಿದೆ. ಮೂರನೆಯದಕ್ಕೆ ಮಾತ್ರ ಯಾವ ಗೋಡೆಯೂ ಇಲ್ಲ, ದೂರವೊಂದೇ ರಕ್ಷಣೆ. ಇಲ್ಲೊಂದು ವಿಚಿತ್ರವಿದೆ. ಬಸಿರಿನ ಆರಂಭದಲ್ಲಿ ಗರ್ಭಾಶಯ ಕೆಳಹೊಟ್ಟೆಯ ಎಲುಬುಗಳ ನಡುವೆ, ಎದೆಯಿಂದ ದೂರದಲ್ಲಿರುತ್ತದೆ. ತುಂಬಿದ ಬಸಿರಿನಲ್ಲಿ ಅದು ಪಕ್ಕೆಲುಬಿನ ಬುಡಕ್ಕೇ ಬಂದು ಮುಟ್ಟುವುದರಿಂದ ಅದೇ ಚಿಕಿತ್ಸೆಯಲ್ಲಿ ಮಗುವಿಗೆ ಒಂದು ಗ್ರೇಗೂ ಮಿಕ್ಕಿ ತಲಪಬಹುದು. ಆದ್ದರಿಂದ ಸ್ತನದ ಕ್ಯಾನ್ಸರಿನಲ್ಲಿ ವಿಕಿರಣವನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ಇಟ್ಟುಕೊಂಡು, ಮೊದಲು ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದನ್ನು ಬಸಿರಿನ ಯಾವ ತಿಂಗಳಲ್ಲಾದರೂ ಮಾಡಬಹುದು.

ಔಷಧಗಳ ವಿಷಯ ಇನ್ನೂ ಆಶ್ಚರ್ಯಕರ. ಜೀವಕೋಶಗಳನ್ನು ಕೊಲ್ಲುವ ವಿಷವನ್ನು ಗರ್ಭಿಣಿಯ ರಕ್ತಕ್ಕೆ ಸೇರಿಸಬಹುದೆಂದು ಯಾರು ತಾನೆ ನಂಬುತ್ತಾರೆ! ಮೊದಲ ಮೂರು ತಿಂಗಳಲ್ಲಿ ಸಲ್ಲದು. ಆಗ ಶಿಶುವಿನ ಅಂಗಗಳು ರೂಪುಗೊಳ್ಳುತ್ತಿರುವುದರಿಂದ ಊನಗಳು ಉಂಟಾಗುವ ಸಂಭವ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟಿದೆ. ಆಮೇಲೆ ತಾಯಿಗೂ ಮಗುವಿಗೂ ನಡುವೆ ಮಾಸು ಕಾವಲುಗಾರನಂತೆ ನಿಲ್ಲುತ್ತದೆ. ಬಬೂನ್ ಕೋತಿಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಡಾಕ್ಸೊರೂಬಿಸಿನ್ ಎಂಬ ಔಷಧ ತಾಯಿಯ ರಕ್ತದಲ್ಲಿದ್ದುದರ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಪ್ರಮಾಣದಲ್ಲಿ ಮರಿಯ ರಕ್ತವನ್ನು ಸೇರಿತು. ಎಲ್ಲ ಔಷಧಗಳಿಗೂ ಮಾಸು ಹೀಗೆ ಅಡ್ಡ ನಿಲ್ಲುವುದಿಲ್ಲ. ಕಾರ್ಬೊಪ್ಲಾಟಿನ್ ಎಂಬುದು ಅರ್ಧಕ್ಕೂ ಮಿಕ್ಕಿ ದಾಟಿತು. ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯವರು ಸ್ತನದ ಕ್ಯಾನ್ಸರಾದ 24 ಗರ್ಭಿಣಿಯರಿಗೆ ಗೊತ್ತಾದ ಕ್ರಮದಲ್ಲಿ ಚಿಕಿತ್ಸೆ ನೀಡಿ, ನಾಲ್ಕನೆಯ ತಿಂಗಳ ನಂತರ ಕೊಟ್ಟ ಔಷಧಗಳನ್ನು ತಾಯಿಯೂ ಮಗುವೂ ತಾಳಿಕೊಂಡುದನ್ನು 1999ರಲ್ಲಿ ವರದಿ ಮಾಡಿದರು. ಹೆರಿಗೆಗೆ ಸುಮಾರು ಮೂರು ವಾರ ಮುಂಚೆ ಔಷಧವನ್ನು ನಿಲ್ಲಿಸುತ್ತಾರೆ. ಇಲ್ಲವಾದರೆ ರಕ್ತಕಣಗಳು ಇಳಿದಿರುವ ಹೊತ್ತಿನಲ್ಲಿಯೇ ನೋವು ಆರಂಭವಾದೀತು. ಟ್ರಾಸ್ಟುಜುಮಾಬ್, ಟಮಾಕ್ಸಿಫೆನ್ ಮುಂತಾದವನ್ನು ಬಸಿರಿನಲ್ಲಿ ಮುಟ್ಟುವುದೇ ಇಲ್ಲ. ಅಂತೆಯೇ ಮೆಥೊಟ್ರೆಕ್ಸೇಟ್. ವಿನೋದವೇನೆಂದರೆ, ಘನ ಗಂತಿಯೊಂದನ್ನು ಔಷಧದಿಂದಲೇ ಗುಣಪಡಿಸಬಹುದೆಂದು 1956ರಲ್ಲಿ ಮೊದಲು ತೋರಿಸಿಕೊಟ್ಟದ್ದು ಈ ಮೆಥೊಟ್ರೆಕ್ಸೇಟೇ, ಮತ್ತು ಆ ಗಂತಿ ಹುಟ್ಟಿದ್ದು ಬಸಿರಿನ ಮಾಸಿನಿಂದಲೇ.

ಎಲ್ಲ ಕ್ಯಾನ್ಸರುಗಳೂ ನಾಲ್ಕನೆಯ ತಿಂಗಳವರೆಗೆ ಕಾಯುವ ಸೌಜನ್ಯ ತೋರಿಸುವುದಿಲ್ಲ. ತೀವ್ರ ರಕ್ತಕ್ಯಾನ್ಸರಿನಲ್ಲಿ ದಿನಗಳೇ ಲೆಕ್ಕ. 2012ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ಈ ರೋಗ ಪತ್ತೆಯಾಯಿತು. ಆ ದೇಶದ ಕಾನೂನಿನಲ್ಲಿ ಗರ್ಭಪಾತಕ್ಕೆ ಯಾವ ವಿನಾಯಿತಿಯೂ ಇಲ್ಲ. ಔಷಧ ಕೊಟ್ಟರೆ ಗರ್ಭಕ್ಕೆ ಹಾನಿಯಾಗಿ ತಪ್ಪಿತಸ್ಥರಾಗಬಹುದೆಂಬ ಅಳುಕಿನಲ್ಲಿ ವಾರಗಳು ಕಳೆದುವು. ಕೊನೆಗೆ ಚಿಕಿತ್ಸೆ ಆರಂಭವಾಯಿತು. ಗರ್ಭವೂ ಇಳಿದುಹೋಯಿತು, ಆಗಸ್ಟಿನಲ್ಲಿ ಹುಡುಗಿಯೂ ಸತ್ತಳು. ಬೇಗ ಆರಂಭಿಸಿದ್ದರೆ ಬದುಕುತ್ತಿದ್ದಳೆಂದು ಯಾರೂ ಆಣೆಯಿಟ್ಟು ಹೇಳಲಾರರು. ಆದರೆ ಕಾದುದರಿಂದ ಇಬ್ಬರಲ್ಲಿ ಯಾರಿಗೂ ಒಳಿತಾಗಲಿಲ್ಲ. ಇಂಥ ರೋಗದಲ್ಲಿ, ಬಸಿರಿನ ಆರಂಭದಲ್ಲಿ, ಗರ್ಭವನ್ನು ಉಳಿಸಿಕೊಳ್ಳುವ ಪ್ರಶ್ನೆ ನಿಜವಾಗಿಯೂ ಕಠಿಣ, ಮತ್ತು ಅದನ್ನು ತೀರ್ಮಾನಿಸಬೇಕಾದವಳು ಆ ತಾಯಿ. ಸ್ತನದ ಕ್ಯಾನ್ಸರಿನಲ್ಲಾದರೋ ಗರ್ಭವನ್ನು ತೆಗೆಸುವುದರಿಂದ ತಾಯಿಯ ಆಯುಸ್ಸು ಹೆಚ್ಚಿದ್ದನ್ನು ಯಾವ ಲೆಕ್ಕವೂ ತೋರಿಸಿಲ್ಲ.

ಹಾಲೂಡಿಸುವ ಕಾಲದ ಮಾತಿಗೆ ಮತ್ತೆ ಬರುತ್ತೇವೆಂದು ಹೇಳಿದ್ದೆವು. ಈಚಿನ ಸಂಶೋಧನೆಗಳಲ್ಲಿ, ಬಸಿರಿಗಿಂತ ಬಾಣಂತಿತನದ ನಂತರದ ವರ್ಷಗಳೇ ಹೆಚ್ಚು ಸಂಶಯಾಸ್ಪದವಾಗಿ ಕಾಣುತ್ತಿವೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾನಿಲಯದ ತಂಡವೊಂದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ ಐದು ವರ್ಷಗಳೊಳಗೆ ಸ್ತನದ ಕ್ಯಾನ್ಸರು ಕಂಡವರಲ್ಲಿ ರೋಗ ದೂರದ ಅಂಗಗಳಲ್ಲಿ ಮರುಕಳಿಸುವ ಅಪಾಯ, ಹೆರದವರಿಗಿಂತ ಎರಡೂವರೆ ಪಟ್ಟಿಗೂ ಮಿಕ್ಕಿದ್ದಿತು. ಹಾಲು ನಿಂತ ಮೇಲೆ ಸ್ತನವು ಹಾಲಿನ ಗ್ರಂಥಿಗಳನ್ನು ಕೆಡವಿ ಹಳೆಯ ಸ್ಥಿತಿಗೆ ಮರಳಬೇಕಷ್ಟೆ. ಈ ಕೆಡವುವ ಕೆಲಸ ಗಾಯ ಮಾಯುವ ಕ್ರಿಯೆಯನ್ನು ಬಹಳವಾಗಿ ಹೋಲುತ್ತದೆ. ಉರಿಯೂತದ ಕಣಗಳು ಬಂದು ಸೇರುತ್ತವೆ, ಕೊಲ್ಯಾಜನ್ ನಾರು ಹೊಸದಾಗಿ ಹಾಸಿಕೊಳ್ಳುತ್ತದೆ. ಈ ಗದ್ದಲದಲ್ಲಿ ಅಡಗಿ ಕುಳಿತ ಕ್ಯಾನ್ಸರ್ ಕಣಗಳಿಗೆ ಹೊರಗೆ ನುಸುಳುವ ದಾರಿ ದೊರೆಯುತ್ತದೆಂದು ಅದೇ ತಂಡದವರು ಇಲಿಗಳಲ್ಲಿ ತೋರಿಸಿದ್ದಾರೆ. ಆ ದಿನಗಳಲ್ಲಿ ಉರಿಯೂತವನ್ನು ತಗ್ಗಿಸುವ ಸಾಮಾನ್ಯ ಔಷಧ ಕೊಟ್ಟಾಗ ಇಲಿಗಳಲ್ಲಿ ಗಂತಿಯ ಹರಡುವಿಕೆ ತಗ್ಗಿದ್ದೂ ಉಂಟು. ಇದನ್ನು ಓದಿ ಯಾವ ತಾಯಿಯೂ ತಾನಾಗಿ ಗುಳಿಗೆ ನುಂಗಬಾರದು. ಮಗುವಿಗೆ ಹಾಲು ಬಿಡಿಸುವುದಕ್ಕೂ ಇದು ಕಾರಣವಲ್ಲ. ಹಾಲೂಡಿಸಿದಷ್ಟು ಕಾಲವೂ ಜೀವಮಾನದ ಒಟ್ಟು ಲೆಕ್ಕದಲ್ಲಿ ಸ್ತನದ ಕ್ಯಾನ್ಸರಿನ ಸಂಭವವನ್ನು ಕಡಿಮೆ ಮಾಡುತ್ತದೆಂಬುದು ಬೇರೆ ಅಧ್ಯಯನಗಳಿಂದ ದೃಢಪಟ್ಟಿದೆ. ಆದರೆ ಬಾಣಂತಿಯ ಎದೆಯಲ್ಲಿ ಕರಗದ ಗಂಟಿಗೆ 'ಹಾಲು ಕಟ್ಟಿದೆ' ಎನ್ನುವ ಮಾತನ್ನು ಬಸುರಿಯದಕ್ಕಿಂತ ಕಡಿಮೆ ನಂಬಬೇಕಾಗಿದೆ.

ತಾಯಿ ಬದುಕಿದಳು, ಔಷಧದ ನಡುವೆ ಬೆಳೆದ ಮಗು ಏನಾಯಿತು? ಅಮಾಂಟರ ತಂಡ 2015ರಲ್ಲಿ ಇಂಥ 129 ಮಕ್ಕಳನ್ನು, ಅಷ್ಟೇ ಸಂಖ್ಯೆಯ ಬೇರೆ ಮಕ್ಕಳೊಡನೆ ಹೋಲಿಸಿ ಪರೀಕ್ಷಿಸಿತು. ಮಕ್ಕಳ ನಡುವಯಸ್ಸು 22 ತಿಂಗಳು. ಅವರ ತಾಯಂದಿರಲ್ಲಿ ಮುಕ್ಕಾಲು ಪಾಲು ಜನ ಬಸಿರಿನಲ್ಲಿಯೇ ಔಷಧ ಪಡೆದಿದ್ದರು. ಮಕ್ಕಳ ಬುದ್ಧಿಯಲ್ಲಿಯಾಗಲಿ ಹೃದಯದ ಕೆಲಸದಲ್ಲಿಯಾಗಲಿ ಬೆಳವಣಿಗೆಯಲ್ಲಿಯಾಗಲಿ ಗಮನಾರ್ಹವಾದ ವ್ಯತ್ಯಾಸ ಕಾಣಲಿಲ್ಲ. ಅಂಕಗಳಲ್ಲಿ ಹೆಚ್ಚುಕಡಿಮೆ ಕಂಡದ್ದು ಇನ್ನೊಂದು ಕಾರಣದಿಂದ. ಗರ್ಭದಲ್ಲಿ ಒಂದೊಂದು ವಾರ ಹೆಚ್ಚು ಉಳಿದುದಕ್ಕೆ ಬುದ್ಧಿಪರೀಕ್ಷೆಯ ಅಂಕ ಸರಾಸರಿ 2.9ರಂತೆ ಏರಿತ್ತು. ತಾಯಿಗೆ ಬೇಗ ಔಷಧ ಆರಂಭಿಸಬೇಕೆಂದು ಎಂಟನೆಯ ತಿಂಗಳಲ್ಲಿಯೇ ಮಗುವನ್ನು ಹೊರತೆಗೆಯುವುದು ಹಿಂದೆ ವಾಡಿಕೆಯಾಗಿತ್ತು. ಈಗ ಅದೇ ವೈದ್ಯರು ಔಷಧವನ್ನು ಬಸಿರಿನಲ್ಲಿಯೇ ಆರಂಭಿಸಿ, ಸಾಧ್ಯವಾದಲ್ಲಿ ಮಗುವನ್ನು 37 ವಾರ ತುಂಬುವವರೆಗೆ ಇದ್ದಲ್ಲಿಯೇ ಬಿಡುತ್ತಾರೆ.